ಕಕ್ಕಸು ಇರುವ ಆಕಾಶ

ಚಳಿಗಾಲದ ರಾತ್ರಿ ಮಹಾವ್ಯಾಧನ ಪಾದದ ಕೆಳಗೆ ಸಾಧಾರಣ ಹೊಳಪಿನ ನಾಲ್ಕು ನಕ್ಷತ್ರಗಳು ಸೊಟ್ಟ ಚೌಕವೊಂದನ್ನು ಕಟ್ಟಿಕೊಂಡಿರುತ್ತವೆ. ಗ್ರೀಕರಿಗೆ ಅಲ್ಲಿ ಮೊಲ ಕಂಡಿತು. ಚೀನೀಯರು ಅದೇ ಜಾಗದಲ್ಲಿ ಕಕ್ಕಸು ಕಟ್ಟಿದರು. ಹಾನ್ ಅರಮನೆಯ ಇತಿಹಾಸಕಾರ ಸಿಮಾ ಚಿಯೆನ್, ಕ್ರಿ.ಪೂ. 100ರ ಸುಮಾರಿಗೆ, ತನ್ನ ದೊಡ್ಡ ಗ್ರಂಥದ ಆಕಾಶದ ಅಧ್ಯಾಯದಲ್ಲಿ ಇದನ್ನು ಗಂಭೀರವಾಗಿಯೇ ಬರೆದಿದ್ದಾನೆ. ಆಮೇಲಿನವರು ಪಕ್ಕದ ಎರಡು ನಕ್ಷತ್ರಗಳನ್ನು ಮರೆಗೆಂದು ತಡಿಕೆಯಾಗಿ ಗುರುತಿಸಿದರು. ಇನ್ನಷ್ಟು ದಕ್ಷಿಣಕ್ಕೆ ಇಳಿದರೆ ಒಂಟಿ ನಕ್ಷತ್ರವೊಂದಿದೆ. ಅದರ ಹೆಸರು ಮಲ. ಮಕ್ಕಳ ಮಾತಿನಲ್ಲಿ ಕಕ್ಕ.

ಈ ಒಂಟಿ ನಕ್ಷತ್ರ ಹಳದಿಯಾಗಿ ಕಂಡರೆ ಶುಭ. ನೀಲಿ, ಬಿಳಿ, ಕಪ್ಪು ಕಂಡರೆ ಅಶುಭ ಎಂದು ಸಿಮಾ ಚಿಯೆನ್ ಸೇರಿಸುತ್ತಾನೆ. ವೈದ್ಯನೊಬ್ಬ ಬರೆದಂತಿದೆ! ಇಂದಿನ ಖಗೋಳಶಾಸ್ತ್ರಜ್ಞರು ಇದನ್ನು ಪಾರಿವಾಳ ಪುಂಜದ ಮ್ಯೂ ಎಂದು ಕರೆಯುತ್ತಾರೆ. ಅದರ ಮೇಲ್ಮೈ ಸೂರ್ಯನ ಐದು ಪಟ್ಟಿಗಿಂತ ಹೆಚ್ಚು ಬಿಸಿ; ಆದ್ದರಿಂದ ಅಪ್ಪಟ ನೀಲಿ, ಸಿಮಾ ಚಿಯೆನ್ ಲೆಕ್ಕದಲ್ಲಿ ಸದಾ ಅಪಶಕುನ. ಇನ್ನೊಂದು ವಿಶೇಷವೂ ಇದಕ್ಕಿದೆ. ಇದು ಓಡಿಹೋಗುತ್ತಿರುವ ನಕ್ಷತ್ರ. ಸುಮಾರು 25 ಲಕ್ಷ ವರ್ಷಗಳ ಹಿಂದೆ ಮಹಾವ್ಯಾಧನ ನೀಹಾರಿಕೆಯ ಕಡೆ ನಕ್ಷತ್ರಗಳ ಗುಂಪೊಂದರಲ್ಲಿ ಜಟಾಪಟಿಯಾಗಿ ಎರಡು ನಕ್ಷತ್ರಗಳು ವಿರುದ್ಧ ದಿಕ್ಕಿಗೆ ಸಿಡಿದವು. ಒಂದು ಉತ್ತರದ ವಿಜಯಸಾರಥಿ ಪುಂಜದ ಕಡೆ ಹೋಯಿತು. ಇನ್ನೊಂದು ಇದು, ಸೆಕೆಂಡಿಗೆ ನೂರು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಈಗಲೂ ಓಡುತ್ತಿದೆ.

ಚೀನಾದ ಆಕಾಶವನ್ನು ಮಕ್ಕಳಿಗೆ ಹೇಳಿಕೊಡುವ ಪುಸ್ತಕಗಳು ಸಾಮಾನ್ಯವಾಗಿ ಡ್ರ್ಯಾಗನ್, ಹುಲಿ, ಕೆಂಪು ಹಕ್ಕಿ, ಆಮೆ ಎಂಬ ನಾಲ್ಕು ದಿಕ್ಕಿನ ಪ್ರಾಣಿಗಳಿಂದ ಶುರುವಾಗುತ್ತವೆ. ಚಿತ್ರ ಬಿಡಿಸಲು ಅವು ಚೆಂದ. ನನ್ನನ್ನು ಕೇಳಿದರೆ ಕಕ್ಕಸಿನಿಂದ ಶುರುಮಾಡಬೇಕು. ಮಕ್ಕಳು ನಗುತ್ತಾರೆ ಎಂಬುದು ಒಂದು ಕಾರಣ. ಈ ಆಕಾಶದ ಗುಟ್ಟು ಅಲ್ಲೇ ಇದೆ ಎಂಬುದು ಇನ್ನೊಂದು. ಕಕ್ಕಸು ಇದೆ ಎಂದಮೇಲೆ ಮನೆ ಇರಬೇಕು, ಮನೆ ಇದ್ದರೆ ಮನೆಮಂದಿ, ಅಡುಗೆಮನೆ, ಕಣಜ, ಬೀದಿ, ಪೇಟೆ ಎಲ್ಲ ಇರಬೇಕು. ಹುಡುಕಿದರೆ ಎಲ್ಲವೂ ಸಿಗುತ್ತವೆ.

ಉತ್ತರಕ್ಕೆ ತಿರುಗಿದರೆ ಧ್ರುವದ ಸುತ್ತ ಹದಿನೈದು ನಕ್ಷತ್ರಗಳ ಕೋಟೆಗೋಡೆ. ಅದರೊಳಗೆ ಲಘು ಸಪ್ತರ್ಷಿಯ ಎರಡು ಪ್ರಕಾಶಮಾನ ನಕ್ಷತ್ರಗಳಲ್ಲಿ ಒಂದು ಸಾಮ್ರಾಟ, ಇನ್ನೊಂದು ಯುವರಾಜ. ರಾಣೀವಾಸ ಅಲ್ಲೇ ಪಕ್ಕದಲ್ಲಿ. ನಾವು ಸಪ್ತರ್ಷಿ ಮಂಡಲ ಎನ್ನುವುದು ಸಾಮ್ರಾಟನ ರಥ. ಅದು ಧ್ರುವವನ್ನು ಸುತ್ತುತ್ತ ರಾಜ್ಯದ ನಾಲ್ಕು ಮೂಲೆಯ ಉಸ್ತುವಾರಿ ನೋಡುತ್ತದೆ. ಸಿಂಹ ಮತ್ತು ಕನ್ಯಾ ರಾಶಿಗಳ ನಡುವೆ ಇನ್ನೊಂದು ಆವರಣ. ಅಲ್ಲಿ ಮಂತ್ರಿಗಳು, ಸೇನಾಧಿಕಾರಿಗಳು, ಅಂದರೆ ಕಚೇರಿ. ಮೂರನೆಯ ಆವರಣ ಬೇಸಿಗೆಯ ಆಕಾಶದಲ್ಲಿ, ಸ್ವಾತಿಗೂ ಅಭಿಜಿತ್‌ಗೂ ಮಧ್ಯೆ ಹಬ್ಬಿರುವ ಸ್ವರ್ಗದ ಪೇಟೆ. ಕಾಳು ಅಳೆಯುವ ಕೊಳಗ, ಬಟ್ಟೆ ಅಳೆಯುವ ಕೋಲು, ಗಾಡಿ ಮಾರುವ ಅಂಗಡಿ, ಮಾಂಸದ ಅಂಗಡಿ ಎಲ್ಲಕ್ಕೂ ಅಲ್ಲಿ ಬೇರೆಬೇರೆ ನಕ್ಷತ್ರಗಳಿವೆ. ಪೇಟೆಯ ಹೊರಗೆ ಉತ್ತರಕ್ಕೆ, ಗ್ರೀಕರು ಕಿರೀಟ ಎಂದು ಕರೆದ ಆ ಸುಂದರ ಅರ್ಧವೃತ್ತ ಇದೆಯಲ್ಲ, ಅದು ಸಾಮಾನ್ಯ ಜನರ ಸೆರೆಮನೆ. (ದೊಡ್ಡವರಿಗೆ ಸಪ್ತರ್ಷಿಯ ಬಳಿ ಬೇರೆ ಸೆರೆಮನೆ ಇದೆ. ಆಕಾಶದಲ್ಲೂ ವಿಐಪಿ ಕೋಣೆ!) ಸೆರೆಮನೆಯೊಳಗೆ ನಕ್ಷತ್ರಗಳು ಹೆಚ್ಚು ಕಂಡರೆ ಕೈದಿಗಳು ಹೆಚ್ಚು, ಖಾಲಿ ಕಂಡರೆ ಬಿಡುಗಡೆ ಎಂಬ ನಂಬಿಕೆಯಿತ್ತು. ಅದರ ಗೋಡೆಗೆ ತಾಗಿದಂತೆ 1866ರಲ್ಲಿ ಮತ್ತು 1946ರಲ್ಲಿ, ಬರಿಗಣ್ಣಿಗೆ ಕಾಣದ ನಕ್ಷತ್ರವೊಂದು ಹಠಾತ್ತಾಗಿ ಹೊತ್ತಿಕೊಂಡು ಕೆಲವು ದಿನ ಬೆಳಗಿ ಆರಿತು. ಅದು ಮರುಕಳಿಸುವ ನೋವಾ. ಮತ್ತೊಮ್ಮೆ ಹೊತ್ತಿಕೊಳ್ಳುವುದನ್ನು ಖಗೋಳ ವೀಕ್ಷಕರು ಕಾಯುತ್ತಿದ್ದಾರೆ.

ಊರ ಹೊರಗಿನ ಬದುಕೂ ಬಿಟ್ಟುಹೋಗಿಲ್ಲ. ಧನು ರಾಶಿಯ ನಾಲ್ಕು ನಕ್ಷತ್ರಗಳು ಒಂದು ಮೊರ. ಮೊರದ ಬಾಯಿಗೆ ಎದುರಾಗಿ ಒಂಟಿ ನಕ್ಷತ್ರ, ಅದು ಹಾರಿಹೋದ ಹೊಟ್ಟು. ಕಕ್ಕಸಿನ ದಕ್ಷಿಣಕ್ಕೆ ಎರಡೆರಡು ನಕ್ಷತ್ರಗಳಂತೆ ಮೂರು ಗುಂಪು: ಅಜ್ಜ, ಮಗ, ಮೊಮ್ಮಗ. ಕುಂಭ ರಾಶಿಯ ಕಡೆ ಅಳು ಎಂಬ ಹೆಸರಿನದೊಂದು ಜೋಡಿ, ಬಿಕ್ಕು ಎಂಬ ಹೆಸರಿನದು ಇನ್ನೊಂದು. ಪಾರ್ಥ ಪುಂಜದಲ್ಲಿ ಸುರುಳಿ ಸುತ್ತಿದ ನಾಲಿಗೆ, ಆ ನಾಲಿಗೆಯ ಒಳಗೆ ಚಾಡಿ ಎಂಬ ಒಂದೇ ನಕ್ಷತ್ರ. ತರಗತಿಯಲ್ಲಿ ಇದನ್ನು ಹೇಳಿ ನೋಡಿ, ಯಾರು ಯಾರ ಕಡೆ ತಿರುಗುತ್ತಾರೆಂದು ತಿಳಿಯುತ್ತದೆ.

ಇಂಥ ಗುಂಪುಗಳು ಒಟ್ಟು 283, ನಕ್ಷತ್ರಗಳು 1464. ಶಿ ಶೆನ್, ಗಾನ್ ದೆ, ವು ಶಿಯೆನ್ ಎಂಬ ಮೂವರು ಪುರಾತನರ ಹೆಸರಿನಲ್ಲಿ ಮೂರು ಬೇರೆಬೇರೆ ಪಟ್ಟಿಗಳಿದ್ದವು. ಕ್ರಿ.ಶ. ಮೂರನೆಯ ಶತಮಾನದಲ್ಲಿ ಚೆನ್ ಝುವೊ ಎಂಬ ಅರಮನೆಯ ಖಗೋಳಜ್ಞ ಮೂರನ್ನೂ ಕೂಡಿಸಿ ಈ ಲೆಕ್ಕ ಕೊಟ್ಟ. ಇಂದು ಜಗತ್ತೆಲ್ಲ ಒಪ್ಪಿರುವ ಪುಂಜಗಳು 88 ಮಾತ್ರ, ಅದೂ ಚೀನಾಕ್ಕೆ ಎಂದೂ ಕಾಣದ ದಕ್ಷಿಣದ ತುದಿಯನ್ನೂ ಸೇರಿಸಿ. ಅಂದರೆ ಚೀನಾದ ಗುಂಪುಗಳು ತೀರ ಚಿಕ್ಕವು. ಎರಡು ನಕ್ಷತ್ರ, ಮೂರು ನಕ್ಷತ್ರ, ಬಹಳಷ್ಟು ಸಲ ಒಂದೇ. ಒಂದು ಚುಕ್ಕಿಯಲ್ಲಿ ಯಾವ ಚಿತ್ರ ಬರೆಯಲು ಸಾಧ್ಯ?

ಚಿತ್ರ ಬರೆಯುವುದು ಅವರ ಉದ್ದೇಶವಾಗಿರಲೇ ಇಲ್ಲ. ಹೊಟ್ಟು ಹೊಟ್ಟಿನ ಹಾಗೆ ಕಾಣುವುದಿಲ್ಲ, ಮೊರದ ಮುಂದೆ ಇರುವುದರಿಂದ ಅದು ಹೊಟ್ಟು. ಹಳ್ಳಿಯಲ್ಲಿ ದಾರಿ ಕೇಳಿದರೆ ಅರಳಿಕಟ್ಟೆ ದಾಟಿ, ಹಿಟ್ಟಿನ ಗಿರಣಿ ಎದುರಿಗೆ ಎಂದು ಹೇಳುತ್ತಾರಲ್ಲ, ಈ ಆಕಾಶ ನಡೆಯುವುದು ಹಾಗೆ: ಪ್ರತಿ ನಕ್ಷತ್ರಕ್ಕೂ ನೆರೆಹೊರೆಯಿಂದಲೇ ವಿಳಾಸ. ಈ ವಿಳಾಸಗಳು ಎಷ್ಟು ಗಟ್ಟಿಯಾದವು ಎಂಬುದಕ್ಕೆ ಒಂದು ಪುರಾವೆ ಸಾಕು. 1054ರ ಜುಲೈ ತಿಂಗಳಲ್ಲಿ ಅತಿಥಿ ನಕ್ಷತ್ರವೊಂದು ಕಾಣಿಸಿಕೊಂಡಾಗ ಸೋಂಗ್ ರಾಜವಂಶದ ಅಧಿಕಾರಿಗಳು ಅದು ಆಕಾಶದ ಗಡಿ ಬಾಗಿಲು ಎಂಬ ನಕ್ಷತ್ರದ ಪಕ್ಕದಲ್ಲಿದೆ, ಹಗಲಲ್ಲೂ 23 ದಿನ ಕಂಡಿತು ಎಂದು ಬರೆದಿಟ್ಟರು. ವೃಷಭ ರಾಶಿಯ ಕೊಂಬಿನ ತುದಿಯ ಆ ವಿಳಾಸ ಹಿಡಿದು ಹೋದವರಿಗೆ ಇಂದು ಸಿಗುವುದು ಏಡಿ ನೀಹಾರಿಕೆ, ಅಂದು ಸಿಡಿದ ನಕ್ಷತ್ರದ ಅವಶೇಷ.

ಒಂದೂವರೆ ಸಾವಿರ ಚುಕ್ಕಿಗಳ ವಿಳಾಸ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಅದಕ್ಕಾಗಿ ಒಂದು ಪದ್ಯವಿದೆ. ಬು ತಿಯಾನ್ ಗೆ, ಆಕಾಶದಲ್ಲಿ ಹೆಜ್ಜೆಹಾಕುವ ಹಾಡು. ಸುಯಿ ಅಥವಾ ಟಾಂಗ್ ರಾಜವಂಶದ ಕಾಲದ್ದೆಂದು ಹೇಳುವ ಈ ಹಾಡಿನ ಸಾಲುಗಳಲ್ಲಿ ಏಳೇಳು ಅಕ್ಷರ. ಮೂರು ಆವರಣಗಳು ಮತ್ತು ಚಂದ್ರನ ದಾರಿಯ ಇಪ್ಪತ್ತೆಂಟು ಮನೆಗಳು, ಹೀಗೆ ಆಕಾಶವನ್ನು ಮೂವತ್ತೊಂದು ಪಾಲು ಮಾಡಿ ಯಾವ ಗುಂಪಿನಲ್ಲಿ ಎಷ್ಟು ನಕ್ಷತ್ರ, ಯಾವ ಆಕಾರ, ಅದರ ಮೇಲೆ ಯಾರು, ಕೆಳಗೆ ಯಾರು ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತದೆ. ಕಾವ್ಯವಾಗಿ ಇದನ್ನು ಯಾರೂ ಹೊಗಳಿದಂತಿಲ್ಲ. ಆದರೆ ಹನ್ನೆರಡನೆಯ ಶತಮಾನದ ವಿದ್ವಾಂಸ ಝೆಂಗ್ ಚ್ಯಾವ್ ತಾನು ಆಕಾಶ ಕಲಿತ ಬಗೆಯನ್ನು ಬರೆದಿಟ್ಟಿದ್ದಾನೆ. ಪುಸ್ತಕಗಳನ್ನು ಓದಿ ನಕ್ಷತ್ರ ಗುರುತಿಸಲು ಹೋದ, ಆಗಲಿಲ್ಲ. ನಕ್ಷೆ ಹಿಡಿದು ಹೋದ, ನಂಬಿಕೆ ಬರಲಿಲ್ಲ. ನಕ್ಷೆಯನ್ನು ಒಬ್ಬರಿಂದೊಬ್ಬರು ನಕಲು ಮಾಡುತ್ತ ಹೋದರೆ ಚುಕ್ಕಿಗಳು ಅತ್ತಿತ್ತ ಸರಿದು ಕೆಡುತ್ತವೆ ಎಂಬುದು ಅವನ ದೂರು. ಕೊನೆಗೆ ಈ ಹಾಡು ಕೈಗೆ ಸಿಕ್ಕಿತು. ಚಂದ್ರನಿಲ್ಲದ ಶರತ್ಕಾಲದ ತಿಳಿಯಾದ ರಾತ್ರಿ. ಒಂದು ಸಾಲು ಹೇಳುವುದು, ಒಂದು ನಕ್ಷತ್ರವನ್ನು ದಿಟ್ಟಿಸುವುದು. ಕೆಲವೇ ರಾತ್ರಿಗಳಲ್ಲಿ ಇಡೀ ಆಕಾಶ ಎದೆಯೊಳಗೆ ಬಂದು ಕೂತಿತಂತೆ.

ಕಂಠಪಾಠ ಎಂದರೆ ಮೂಗು ಮುರಿಯುವ ಕಾಲ ಇದು. ಮಗ್ಗಿ ಬೇಡ, ಅಮರಕೋಶವಂತೂ ಬೇಡವೇ ಬೇಡ. ಆದರೆ ಝೆಂಗ್ ಚ್ಯಾವ್ ಮಾಡಿದ್ದು ಬರಿಯ ಬಾಯಿಪಾಠವಲ್ಲ ಎಂಬುದನ್ನು ಗಮನಿಸಬೇಕು. ಕತ್ತಲಲ್ಲಿ ನಿಂತವನಿಗೆ ಪುಸ್ತಕ ಓದಲಾಗದು. ದೀಪ ಹಚ್ಚಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಟ್ಟುಹೋಗುತ್ತದೆ, ಮತ್ತೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಕಿವಿಗೆ ಈ ಕಾಟವಿಲ್ಲ. ಮೊಬೈಲಿನ ಆಕಾಶನಕ್ಷೆ ಎಷ್ಟೇ ಕೆಂಪು ಬೆಳಕು ತೋರಿಸಿದರೂ ಮಗುವಿನ ಕಣ್ಣು ಕೈಯಲ್ಲಿರುವ ಗಾಜಿನ ಮೇಲೆ ಇರುತ್ತದೆಯೇ ಹೊರತು ಮೇಲಲ್ಲ. ಈ ವಿಷಯದಲ್ಲಿ ನಾನು ಹಾಡಿನ ಪಕ್ಷ.

ಈ ಹಾಡು ಅದುವರೆಗೆ ಅರಮನೆಯ ವೀಕ್ಷಣಾಲಯದವರ ಕೈಯಲ್ಲೇ ಇತ್ತು, ಜನರ ನಡುವೆ ಬಂದಿರಲಿಲ್ಲ ಎಂದೂ ಝೆಂಗ್ ಚ್ಯಾವ್ ಹೇಳುತ್ತಾನೆ. ಕಾರಣ ಸರಳ. ಆಕಾಶ ಸಾಮ್ರಾಟನ ಕನ್ನಡಿ. ಅಲ್ಲಿ ಏನು ಬದಲಾದರೂ ಅದು ಸಿಂಹಾಸನಕ್ಕೆ ಸಂಬಂಧಿಸಿದ ಸುದ್ದಿ. ಆ ಸುದ್ದಿಯನ್ನು ಕಂಡಕಂಡವರು ಓದುವುದನ್ನು ಯಾವ ಸರ್ಕಾರ ಸಹಿಸೀತು? ಖಗೋಳದ ಉಪಕರಣಗಳನ್ನೂ ಗ್ರಂಥಗಳನ್ನೂ ಖಾಸಗಿಯಾಗಿ ಇಟ್ಟುಕೊಂಡವರಿಗೆ ಟಾಂಗ್ ಕಾನೂನು ಎರಡು ವರ್ಷ ಕಠಿಣ ದುಡಿಮೆಯ ಶಿಕ್ಷೆ ಬರೆದಿತ್ತು. ಆ ಕಾಲದಲ್ಲಿ ಕಾನೂನಿನ ಭಯವಿಲ್ಲದೆ ಆಕಾಶ ಕಲಿಯಬಹುದಾದ ಮಗು ಎಂದರೆ ರಾಜಕುಮಾರ. ನಿಜವಾಗಿಯೂ ಒಬ್ಬ ರಾಜಕುಮಾರನ ಪಾಠದ ನಕ್ಷೆ ಉಳಿದುಬಂದಿದೆ. 1190ರ ಸುಮಾರಿಗೆ ಹುವಾಂಗ್ ಶಾಂಗ್ ಎಂಬ ಗುರು, ಮುಂದೆ ನಿಂಗ್‌ಝೋಂಗ್ ಎಂಬ ಹೆಸರಿನಲ್ಲಿ ಸಾಮ್ರಾಟನಾದ ತನ್ನ ಶಿಷ್ಯನಿಗೆಂದು ಅದನ್ನು ಬರೆದ. ಶಿಷ್ಯ ಆಗಲೇ ಇಪ್ಪತ್ತು ದಾಟಿದವನು, ಮಗುವೇನಲ್ಲ. ಆದರೂ ನಕ್ಷೆಯ ಕೆಳಗಿನ ವಿವರಣೆಯಲ್ಲಿ ಮೇಷ್ಟ್ರ ಧ್ವನಿ ಕೇಳುತ್ತದೆ. 1247ರಲ್ಲಿ ಅದನ್ನು ಕಲ್ಲಿಗೆ ಕೆತ್ತಿಸಿದರು. ಸಾವಿರದ ನಾನೂರಕ್ಕೂ ಹೆಚ್ಚು ನಕ್ಷತ್ರಗಳು, ಆಕಾಶಗಂಗೆಯ ಕವಲುಗಳು, ಸೂರ್ಯನ ದಾರಿ, ಎಲ್ಲವೂ ಇರುವ ಆ ಕಲ್ಲು ಸೂಝೌ ನಗರದಲ್ಲಿ ಇಂದಿಗೂ ಇದೆ. ಕಲ್ಲು ನಕಲು ತಪ್ಪುವುದಿಲ್ಲ, ಝೆಂಗ್ ಚ್ಯಾವ್ ಬದುಕಿದ್ದರೆ ಒಪ್ಪುತ್ತಿದ್ದನೇನೋ.

ಹಾಗಾದರೆ ಜನಸಾಮಾನ್ಯರ ಮಕ್ಕಳಿಗೆ ಆಕಾಶ ಗೊತ್ತೇ ಇರಲಿಲ್ಲವೇ? ಹದಿನೇಳನೆಯ ಶತಮಾನದಲ್ಲಿ ಗು ಯಾನ್‌ವು ಎಂಬ ವಿದ್ವಾಂಸ ಇದಕ್ಕೆ ತದ್ವಿರುದ್ಧವಾದ ಮಾತು ಹೇಳಿದ. ಅತಿ ಪ್ರಾಚೀನ ಕಾಲದಲ್ಲಿ ಎಲ್ಲರಿಗೂ ನಕ್ಷತ್ರ ತಿಳಿದಿತ್ತು, ರೈತರು, ಹೆಂಗಸರು, ಗಡಿ ಕಾಯುವ ಸೈನಿಕರು ಮಾತಿನ ನಡುವೆ ನಕ್ಷತ್ರದ ಹೆಸರು ಎತ್ತುತ್ತಿದ್ದರು, ಈಗಿನ ಪಂಡಿತರಿಗೆ ಮಾತ್ರ ಕೇಳಿದರೆ ಗೊತ್ತಿಲ್ಲ ಎಂಬುದು ಅವನ ಕುಟುಕು. ಅವನ ಉದಾಹರಣೆಗಳಲ್ಲಿ ಒಂದು ಮಕ್ಕಳದ್ದು. ಕ್ರಿ.ಪೂ. 655ರಲ್ಲಿ ಜಿನ್ ರಾಜ್ಯದ ಅರಸ ಗುವೊ ಎಂಬ ಚಿಕ್ಕ ರಾಜ್ಯವನ್ನು ಮುತ್ತಿದಾಗ ಗೆಲುವು ಯಾವಾಗ ಎಂದು ಕಾಲಜ್ಞಾನಿಯನ್ನು ಕೇಳಿದ. ಆತ ಉತ್ತರ ಕೊಟ್ಟದ್ದು ಬೀದಿಯ ಮಕ್ಕಳ ಹಾಡೊಂದನ್ನು ಹಿಡಿದು. ಡ್ರ್ಯಾಗನ್ನಿನ ಬಾಲ ಸೂರ್ಯನ ಬೆಳಕಿನಲ್ಲಿ ಅಡಗುವ ಬೆಳಗ್ಗೆ ಗುವೊ ಬೀಳುತ್ತದೆ ಎಂಬುದು ಆ ಹಾಡಿನ ತಾತ್ಪರ್ಯ. ಡ್ರ್ಯಾಗನ್ನಿನ ಬಾಲ ಎಂದರೆ ನಮ್ಮ ಮೂಲಾ ನಕ್ಷತ್ರ, ವೃಶ್ಚಿಕದ ಕೊಂಡಿ. ಯಾವ ಋತುವಿನಲ್ಲಿ ಆ ಬಾಲ ಸೂರ್ಯನ ಹತ್ತಿರ ಸೇರಿ ಕಣ್ಮರೆಯಾಗುತ್ತದೆ ಎಂಬುದು ಆಡುವ ಮಕ್ಕಳ ಬಾಯಲ್ಲಿತ್ತು ಎಂದಾಯಿತು.

ಮಕ್ಕಳಿಗೆ ಈ ಹಾಡುಗಳನ್ನು ಕಲಿಸಿದವರು ಯಾರು ಎಂಬುದಕ್ಕೂ ಚೀನಾದಲ್ಲಿ ಉತ್ತರವಿದೆ: ಮಂಗಳ ಗ್ರಹ. ನಾಲ್ಕನೆಯ ಶತಮಾನದಲ್ಲಿ ಗಾನ್ ಬಾವ್ ಸಂಗ್ರಹಿಸಿದ ಅದ್ಭುತ ಕಥೆಗಳಲ್ಲಿ ಒಂದು ಹೀಗಿದೆ. ವೂ ರಾಜ್ಯದಲ್ಲಿ ಮಕ್ಕಳು ಆಡುತ್ತಿದ್ದಾಗ ಆರೇಳು ವರ್ಷದ, ಹಸಿರು ಬಟ್ಟೆಯ ಅಪರಿಚಿತ ಹುಡುಗನೊಬ್ಬ ಬಂದು ಸೇರಿಕೊಂಡ. ನೀನು ಯಾರ ಮನೆಯವನೋ ಎಂದರೆ, ನಾನು ಮನುಷ್ಯನಲ್ಲ, ಮಂಗಳ ನಕ್ಷತ್ರ ಎಂದ. ಮುಂದೆ ರಾಜ್ಯ ಯಾರ ಪಾಲಾಗುತ್ತದೆಂದು ಒಂದು ಮಾತು ಹೇಳಿ ಮೇಲಕ್ಕೆ ನೆಗೆದವನು ಬಿಚ್ಚಿದ ರೇಷ್ಮೆಯ ಪಟ್ಟಿಯಂತೆ ಆಕಾಶಕ್ಕೆ ಏರಿಹೋದ. ಮಂಗಳನೇ ಏಕೆ? ಅದು ಕೆಂಪಗಿದೆ, ಹೊಳಪು ಏರಿಳಿಯುತ್ತದೆ, ತಿಂಗಳುಗಟ್ಟಲೆ ಮುಂದೆ ನಡೆದು ಹಠಾತ್ತನೆ ಹಿಂದಕ್ಕೆ ನಡೆಯುತ್ತದೆ. ಹೇಳಿದ ಜಾಗದಲ್ಲಿ ಕೂರದ ತುಂಟ. ಭೂಮಿ ಒಳಸುತ್ತಿನಲ್ಲಿ ವೇಗವಾಗಿ ಓಡುತ್ತ ಮಂಗಳನನ್ನು ದಾಟಿಹೋಗುವಾಗ ಅದು ಹಿಂದೆ ಸರಿದಂತೆ ತೋರುತ್ತದೆ ಎಂಬ ವಿವರಣೆಯನ್ನು ಕಥೆ ಮುಗಿದ ಮೇಲೆ ಸೇರಿಸಿದರೆ ಮಕ್ಕಳು ಕೇಳುತ್ತಾರೆ.

ಒಂದೇ ಒಂದು ಕಥೆ ಹೇಳಲು ಸಮಯವಿದ್ದರೆ ನಾನು ಆರಿಸುವುದು ಜಗಳಗಂಟ ಅಣ್ಣತಮ್ಮಂದಿರದ್ದು. ಕ್ರಿ.ಪೂ. 541ರಲ್ಲಿ ಝಿಚಾನ್ ಎಂಬ ಮಂತ್ರಿ ರಾಜಸಭೆಯೊಂದರಲ್ಲಿ ಹೇಳಿದ ಕಥೆ ಇದು. ಪುರಾತನ ದೊರೆಯೊಬ್ಬನಿಗೆ ಎಬೊ, ಶಿಚೆನ್ ಎಂಬ ಇಬ್ಬರು ಮಕ್ಕಳು. ದಿನಾ ಹೊಡೆದಾಟ, ಕೊನೆಕೊನೆಗೆ ಆಯುಧ ಹಿಡಿದು. ಬೇಸತ್ತ ದೊರೆ ಇಬ್ಬರನ್ನೂ ದೂರದೂರದ ನಾಡಿಗೆ ಅಟ್ಟಿದ. ಅಣ್ಣನಿಗೆ ಮಹಾ ಅಗ್ನಿ ಎಂಬ ಕೆಂಪು ನಕ್ಷತ್ರದ ಹೊಣೆ, ತಮ್ಮನಿಗೆ ಸಾಲಾದ ಮೂರು ನಕ್ಷತ್ರಗಳ ಹೊಣೆ. ಕೆಂಪು ನಕ್ಷತ್ರ ನಮ್ಮ ಜ್ಯೇಷ್ಠಾ. ಹೆಸರಿಗೆ ತಕ್ಕಂತೆ ಹಿರಿಯನ ಪಾಲಿಗೇ ಬಂದಿರುವುದು ಕಾಕತಾಳೀಯ, ಆದರೂ ಸೊಗಸು. ಮೂರು ನಕ್ಷತ್ರಗಳು ಮಹಾವ್ಯಾಧನ ನಡುಪಟ್ಟಿ. ಒಬ್ಬ ಮುಳುಗಿದ ಮೇಲೆ ಇನ್ನೊಬ್ಬ ಹುಟ್ಟುತ್ತಾನೆ, ಇಬ್ಬರೂ ಎಂದೂ ಮುಖಾಮುಖಿಯಾಗುವುದಿಲ್ಲ. ಬಹುಕಾಲ ಭೇಟಿಯಾಗದ ಗೆಳೆಯರ ಬಗ್ಗೆ ಚೀನೀ ಕವಿಗಳು ಬರೆಯುವಾಗ ಈ ಅಣ್ಣತಮ್ಮಂದಿರ ನಕ್ಷತ್ರಗಳ ಹೆಸರು ಎತ್ತುವುದು ರೂಢಿ.

ಇದರ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಹಾಕಿಸಬಹುದು. ಆಕಾಶದ ಸುತ್ತನ್ನು 24 ಗಂಟೆ ಎಂದುಕೊಂಡರೆ ನಡುಪಟ್ಟಿಗೂ ಜ್ಯೇಷ್ಠಾಕ್ಕೂ ಸುಮಾರು 10 ಗಂಟೆ 50 ನಿಮಿಷದ ಅಂತರ. ನಡುಪಟ್ಟಿ ಆಕಾಶದ ಸಮಭಾಜಕದ ಮೇಲೆಯೇ ಇರುವುದರಿಂದ ಯಾವ ಊರಿನಲ್ಲಾದರೂ 12 ಗಂಟೆ ದಿಗಂತದ ಮೇಲಿರುತ್ತದೆ. ಜ್ಯೇಷ್ಠಾ ದಕ್ಷಿಣದ ನಕ್ಷತ್ರ. ಉತ್ತರಕ್ಕೆ ಹೋದಷ್ಟೂ ಅದು ಮೇಲಿರುವ ಹೊತ್ತು ಕಡಿಮೆ. ಬೀಜಿಂಗ್‌ನಲ್ಲಿ ಒಂಬತ್ತು ಗಂಟೆಯೂ ಇಲ್ಲ. ಹಾಗಾಗಿ ಅಲ್ಲಿ ತಮ್ಮ ಮುಳುಗಿ ಇಪ್ಪತ್ತು ನಿಮಿಷ ದಾಟಿದ ಮೇಲೆಯೇ ಅಣ್ಣ ಏಳುವುದು. ಝಿಚಾನ್ ಕಾಲದಲ್ಲಿ ಭೂಮಿಯ ಅಕ್ಷದ ತೊನೆದಾಟದಿಂದಾಗಿ ನಕ್ಷತ್ರಗಳ ಸ್ಥಾನ ಸ್ವಲ್ಪ ಬೇರೆಯಿತ್ತು, ಹಳದಿ ನದಿಯ ಬಯಲಿನಲ್ಲಿ ಲೆಕ್ಕಕ್ಕೆ ಕೆಲವು ನಿಮಿಷ ಇಬ್ಬರೂ ದಿಗಂತದ ಅಂಚಿನಲ್ಲಿ ಇರುತ್ತಿದ್ದರು, ಆದರೆ ಅಂಚಿನ ಮಬ್ಬಿನಲ್ಲಿ ಕಾಣುವುದು ಕಷ್ಟ.

ಈಗ ಬೆಂಗಳೂರಿಗೆ ಬನ್ನಿ. 13 ಡಿಗ್ರಿ ಅಕ್ಷಾಂಶದಲ್ಲಿ ಜ್ಯೇಷ್ಠಾ 11 ಗಂಟೆಗೂ ಹೆಚ್ಚು ಹೊತ್ತು ಮೇಲಿರುತ್ತದೆ. ತಮ್ಮ ಮುಳುಗುವ ಮೊದಲೇ ಅಣ್ಣ ಎದ್ದುಬಿಡುತ್ತಾನೆ! ಸುಮಾರು ಮುಕ್ಕಾಲು ಗಂಟೆ ಇಬ್ಬರೂ ಒಂದೇ ಆಕಾಶದಲ್ಲಿ. ಏಪ್ರಿಲ್ ಎರಡನೆಯ ವಾರದಲ್ಲಿ ರಾತ್ರಿ ಹತ್ತೂಕಾಲರ ಆಸುಪಾಸು, ಪಶ್ಚಿಮವೂ ಆಗ್ನೇಯವೂ ತೆರೆದಿರುವ ಬೆಟ್ಟದ ಮೇಲೋ ಬಯಲಿನಲ್ಲೋ ನಿಂತರೆ ಇಬ್ಬರೂ ಐದು ಡಿಗ್ರಿಯಷ್ಟು ಮೇಲೆ, ಕೈ ಚಾಚಿ ಹಿಡಿದ ಮೂರು ಬೆರಳಿನ ಎತ್ತರದಲ್ಲಿ ಸಿಗಬೇಕು. ಅದಕ್ಕೆ ಧೂಳಿಲ್ಲದ ಗಾಳಿ ಬೇಕು. ಮಳೆ ಬಂದು ಹೋದ ಮರುರಾತ್ರಿ ಒಳ್ಳೆಯದು. ಎರಡೂವರೆ ಸಾವಿರ ವರ್ಷದ ಕಥೆಯೊಂದು ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ಅಕ್ಷಾಂಶ ತೀರ್ಮಾನಿಸುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿಯದು. ಅಗಸ್ತ್ಯ ನಕ್ಷತ್ರದ್ದೂ ಹೀಗೆಯೇ: ಚೀನೀಯರಿಗೆ ಅದು ದೀರ್ಘಾಯುಷ್ಯದ ಮುದುಕ, ಹಳೆಯ ರಾಜಧಾನಿ ಚಾಂಗಾನ್‌ನಲ್ಲಿ ದಿಗಂತದಿಂದ ಮೂರೇ ಡಿಗ್ರಿ ಏರುತ್ತಾನೆ, ಬೀಜಿಂಗ್‌ನಲ್ಲಿ ಕಾಣುವುದೇ ಇಲ್ಲ. ನಮ್ಮಲ್ಲಿ ಆತ ಆರಾಮವಾಗಿ 24 ಡಿಗ್ರಿ ಹತ್ತುತ್ತಾನೆ.

ಚೀನಾದ ಮಕ್ಕಳೆಲ್ಲರಿಗೂ ಗೊತ್ತಿರುವ ನಕ್ಷತ್ರಗಳ ಕಥೆ ಮಾತ್ರ ಬೇರೆ. ಆಕಾಶದ ನೇಕಾರಳು ಭೂಮಿಯ ದನಗಾಹಿಯನ್ನು ಮದುವೆಯಾಗುತ್ತಾಳೆ, ಎರಡು ಮಕ್ಕಳಾಗುತ್ತವೆ. ದೇವಲೋಕದ ರಾಜಮಾತೆ ಆಕೆಯನ್ನು ಎಳೆದೊಯ್ಯುತ್ತಾಳೆ. ದನಗಾಹಿ ಮಕ್ಕಳನ್ನು ಎರಡು ಬುಟ್ಟಿಯಲ್ಲಿ ಕೂರಿಸಿ, ಅಡ್ಡೆ ಹೊತ್ತು ಬೆನ್ನಟ್ಟುತ್ತಾನೆ. ಇನ್ನೇನು ಸಿಕ್ಕಿದಳು ಎನ್ನುವಾಗ ರಾಜಮಾತೆ ಮುಡಿಯ ಪಿನ್ನಿನಿಂದ ಗೀರಿ ನಡುವೆ ಬೆಳ್ಳಿಯ ನದಿ ಹರಿಸುತ್ತಾಳೆ. ವರ್ಷಕ್ಕೊಂದು ರಾತ್ರಿ, ಏಳನೆಯ ತಿಂಗಳ ಏಳನೆಯ ದಿನ, ಮ್ಯಾಗ್‌ಪೈ ಹಕ್ಕಿಗಳು ಸೇತುವೆಯಾಗಿ ಅವರನ್ನು ಸೇರಿಸುತ್ತವೆ. ಆ ರಾತ್ರಿ ಹುಡುಗಿಯರು ಕೈಚಳಕ ಬೇಡಿಕೊಂಡು ಬೆಳದಿಂಗಳಲ್ಲಿ ಸೂಜಿಗೆ ದಾರ ಪೋಣಿಸುವ ಪಂದ್ಯ ಆಡುತ್ತಿದ್ದರು.

ನೇಕಾರಳು ನಮ್ಮ ಅಭಿಜಿತ್. ದನಗಾಹಿ ನಮ್ಮ ಶ್ರವಣ. ಅದರ ಎರಡೂ ಪಕ್ಕದ ಮಂಕು ನಕ್ಷತ್ರಗಳು ಬುಟ್ಟಿಯಲ್ಲಿರುವ ಮಕ್ಕಳು. ಇದೇ ಮೂರನ್ನು ನಮ್ಮ ಹಿರಿಯರು ತ್ರಿವಿಕ್ರಮನ ಮೂರು ಹೆಜ್ಜೆ ಎಂದರು. ಹುಣ್ಣಿಮೆಯ ಚಂದ್ರ ಈ ನಕ್ಷತ್ರದ ಬಳಿ ಬರುವ ತಿಂಗಳೇ ಶ್ರಾವಣ. ಚೀನೀಯರ ಏಳನೆಯ ತಿಂಗಳೂ ನಮ್ಮಂತೆ ಅಮಾವಾಸ್ಯೆಯಿಂದ ಎಣಿಸುವಂಥದ್ದು. ಹೆಚ್ಚಿನ ವರ್ಷ ಅದು ಶ್ರಾವಣಕ್ಕೂ, ಕೆಲವು ವರ್ಷ ಭಾದ್ರಪದಕ್ಕೂ ಸರಿಹೊಂದುತ್ತದೆ. ಏಳನೆಯ ದಿನ ಎಂದಮೇಲೆ ಚಂದ್ರ ಅರ್ಧ. ಅರ್ಧಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತದೆ, ಆಮೇಲೆ ಕತ್ತಲು ಗಾಢವಾಗಿ ಆಕಾಶಗಂಗೆ ತೋರುತ್ತದೆ. ಹುಡುಗಿಯರ ಪಂದ್ಯಕ್ಕೆ ಬೆಳಕೂ ಬೇಕು, ಮುಂದಿನ ಕಥೆಗೆ ನದಿಯೂ ಕಾಣಬೇಕು. ಎರಡಕ್ಕೂ ಸಪ್ತಮಿಯೇ ಸರಿ. ನೇಕಾರಳಿಗೂ ದನಗಾಹಿಗೂ ನಡುವಿನ ದೂರ ಸುಮಾರು 15 ಜ್ಯೋತಿರ್ವರ್ಷ. ಬೆಳಕಿನ ವೇಗದಲ್ಲಿ ಓಡಿದರೂ ವರ್ಷಕ್ಕೊಮ್ಮೆಯ ಭೇಟಿ ಸಾಧ್ಯವಿಲ್ಲ ಎಂದು ತರಗತಿಯ ಜಾಣ ಹುಡುಗಿ ಹೇಳುತ್ತಾಳೆ. ಹೇಳಲಿ.

ಚಂದ್ರನ ದಾರಿಯ ಇಪ್ಪತ್ತೆಂಟು ಮನೆಗಳ ಮಾತು ಬಂದಾಗ ನಮ್ಮವರು ಕಿವಿ ನಿಮಿರಿಸುವುದು ಸಹಜ. ನಮ್ಮ ಹಳೆಯ ಪಟ್ಟಿಯಲ್ಲೂ ಅಭಿಜಿತ್ ಸೇರಿ ನಕ್ಷತ್ರಗಳು ಇಪ್ಪತ್ತೆಂಟು. ಕೃತ್ತಿಕಾ, ಮೃಗಶಿರಾ, ಚಿತ್ತಾ, ಜ್ಯೇಷ್ಠಾ, ಮೂಲಾ ಎರಡೂ ಕಡೆ ಮನೆಗಳೇ. ಯಾರು ಯಾರಿಂದ ಪಡೆದರು ಎಂಬ ವಾದ ಎರಡು ಶತಮಾನದಿಂದ ನಡೆದಿದೆ, ಮುಗಿದಿಲ್ಲ. ಹುಬೈ ಪ್ರಾಂತದಲ್ಲಿ 1978ರಲ್ಲಿ ಅಗೆದು ತೆಗೆದ ಸಮಾಧಿಯೊಂದರ ಅರಗಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಇಪ್ಪತ್ತೆಂಟೂ ಹೆಸರುಗಳು ಡ್ರ್ಯಾಗನ್, ಹುಲಿಗಳ ಜೊತೆ ಇವೆ. ಸಮಾಧಿಯ ಕಾಲ ಕ್ರಿ.ಪೂ. 433. ನಾವು ದಾರಿಯನ್ನು ಆಮೇಲೆ ಸಮಪಾಲು ಮಾಡಿಕೊಂಡೆವು, ಅವರು ಮಾಡಲಿಲ್ಲ. ಅವರ ಒಂದು ಮನೆ ಮೂವತ್ತಕ್ಕೂ ಹೆಚ್ಚು ಡಿಗ್ರಿ ಅಗಲ, ಮೃಗಶಿರಾಕ್ಕೆ ಸಿಕ್ಕಿದ್ದು ಒಂದೆರಡು ಡಿಗ್ರಿ.

ಈ ವಾದಕ್ಕಿಂತ ನನಗೆ ಇಷ್ಟವಾಗುವುದು ಒಬ್ಬ ಮನುಷ್ಯನ ಕೆಲಸ. ಟಾಂಗ್ ಅರಮನೆಯ ಖಗೋಳ ವಿಭಾಗದ ಮುಖ್ಯಸ್ಥನಾಗಿದ್ದವನು ಗೌತಮ ಸಿದ್ಧ, ಚೀನಾದಲ್ಲಿ ನೆಲೆಸಿದ ಭಾರತೀಯ ಮೂಲದ ಕುಟುಂಬದವನು. 718ರಲ್ಲಿ ಆತ ಭಾರತದ ನವಗ್ರಹ ಗಣಿತವನ್ನು, ಸೊನ್ನೆಯ ಬಿಂದು ಸಮೇತ, ಚೀನೀ ಭಾಷೆಗೆ ತಂದ. ಅದು ಅಲ್ಲಿ ಬೇರೂರಲಿಲ್ಲ. ಆದರೆ ಅವನೇ ಸಂಕಲಿಸಿದ ಭಾರೀ ಗ್ರಂಥದಲ್ಲಿ ಶಿ ಶೆನ್, ಗಾನ್ ದೆ ಹೆಸರಿನ ಹಳೆಯ ನಕ್ಷತ್ರಪಟ್ಟಿಗಳು ಉಳಿದುಕೊಂಡವು. ಆ ಗ್ರಂಥವೂ ಕಳೆದುಹೋಗಿ, 1616ರಲ್ಲಿ ಹಳೆಯ ಬುದ್ಧವಿಗ್ರಹವೊಂದರ ಹೊಟ್ಟೆಯೊಳಗೆ ಸಿಕ್ಕಿತು. ಚೀನಾದ ಮಗು ಇಂದು ಕಲಿಯುವ ಆಕಾಶದಲ್ಲಿ ಅವನ ಪಾಲೂ ಇದೆ.

ಇಂದಿನ ಮಗು ಕಲಿಯುವುದು ಹೆಚ್ಚಾಗಿ ತಾರಾಲಯದಲ್ಲಿ, ಪರದೆಯ ಮೇಲೆ. ಬೀಜಿಂಗ್‌ನ ತಾರಾಲಯ 1957ರಿಂದ ನಡೆಯುತ್ತಿದೆ. ಉಚಿತವಾಗಿ ಸಿಗುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ಚೀನೀ ಆಕಾಶ ಎಂದು ಆರಿಸಿಕೊಂಡರೆ ಕಕ್ಕಸಿನ ಸಮೇತ ಇಡೀ ರಾಜ್ಯ ಮೂಡುತ್ತದೆ, ನಮ್ಮೂರಿನ ಶಾಲೆಯ ಕಂಪ್ಯೂಟರಿನಲ್ಲೂ. ಎರಡನೆಯ ತಿಂಗಳ ಎರಡನೆಯ ದಿನ ಡ್ರ್ಯಾಗನ್ ತಲೆಯೆತ್ತುತ್ತದೆಂದು ಉತ್ತರ ಚೀನಾದಲ್ಲಿ ಮಕ್ಕಳಿಗೆ ಕ್ಷೌರ ಮಾಡಿಸುವ ಪದ್ಧತಿ ಇನ್ನೂ ಇದೆ. ಡ್ರ್ಯಾಗನ್ನಿನ ಕೊಂಬಾದ ಚಿತ್ತಾ ನಕ್ಷತ್ರ ಮುಸ್ಸಂಜೆ ಪೂರ್ವದಲ್ಲಿ ಏಳುವ ಕಾಲ ಮಾತ್ರ, ಭೂಮಿಯ ಅಕ್ಷದ ತೊನೆದಾಟದಿಂದ, ಏಪ್ರಿಲ್‌ವರೆಗೆ ಸರಿದುಹೋಗಿದೆ. 72 ವರ್ಷಕ್ಕೆ ಒಂದು ಡಿಗ್ರಿ. ಕ್ಷೌರದಂಗಡಿಯ ಸಾಲಿನಲ್ಲಿ ನಿಂತ ಮಗುವಿಗೆ ಅಂದು ಸಂಜೆ ಕೊಂಬು ಕಾಣದು, ಸ್ವಲ್ಪ ಹೊತ್ತು ಎಚ್ಚರವಿರಬೇಕು.

ಹಳೆಯ ವಿಳಾಸಗಳು ಈಗ ಚಂದ್ರನ ಮೇಲೂ ಬಂದಿವೆ. 2013ರಲ್ಲಿ ಚೀನಾದ ಚಾಂಗ್‌ಎ-3 ನೌಕೆ ಇಳಿದ ಜಾಗದ ಸುತ್ತಲಿನ ಮೂರು ಸಣ್ಣ ಕುಳಿಗಳಿಗೆ ಆಕಾಶದ ಮೂರು ಆವರಣಗಳ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿದೆ. ಚಂದ್ರನ ಆಚೆ ಬದಿಗೆ ಭೂಮಿ ಕಾಣುವುದಿಲ್ಲ, ಅಲ್ಲಿಂದ ರೇಡಿಯೋ ಸಂದೇಶ ನೇರ ಬರಲಾರದು. ಹಾಗಾಗಿ 2018ರ ಮೇ ತಿಂಗಳಲ್ಲಿ ಚೀನಾ ಮೊದಲು ಒಂದು ಮಧ್ಯವರ್ತಿ ಉಪಗ್ರಹವನ್ನು ಹಾರಿಸಿ ಅದಕ್ಕೆ ಮ್ಯಾಗ್‌ಪೈ ಸೇತುವೆ ಎಂದು ಹೆಸರಿಟ್ಟಿತು. 2019ರ ಜನವರಿ 3ರಂದು ಚಾಂಗ್‌ಎ-4 ಆಚೆ ಬದಿಯಲ್ಲಿ ಇಳಿಯಿತು. ಇಳಿದ ಜಾಗದ ಹೆಸರು ಆಕಾಶದ ನದಿ. ಸುತ್ತ ತ್ರಿಕೋನವಾಗಿ ನಿಂತ ಮೂರು ಕುಳಿಗಳಿಗೆ ನೇಕಾರಳು, ದನಗಾಹಿ, ಮತ್ತು ನದಿ ದಾಟುವ ಕಡವಿನ ಹೆಸರು. ಆ ಕಡವು ಆಕಾಶದಲ್ಲಿ ರಾಜಹಂಸ ಪುಂಜದ ಜಾಗದಲ್ಲಿದೆ.